"ನಿಜವಾದರೆ ಮಾರ್ಕ್ಸ್" ಅನ್ನೋ ನಿಯಮವನ್ನು ಮೊದಲು ಕೈಬಿಡಿ

ಏಳನೇ ತರಗತಿ ಮಕ್ಕಳಿಂದ ಹವಾಮಾನ ಮುನ್ಸೂಚನೆ ತಯಾರು ಮಾಡಿಸಿ ಟಿವಿಯವರ ಹಾಗೆ ಹೇಳಿಸಬೇಕು, ಹೇಳಿದ್ದು ನಿಜವಾದರೆ ಮಾರ್ಕ್ಸ್ ಕೊಡಬೇಕು, ಇದಕ್ಕೆ ಯಾವ ಆ್ಯಪ್ ಒಳ್ಳೇದು, ಟಿವಿಯವರು ಹಿಂದೆ ನಕ್ಷೆ ಮೂಡಿಸಲು ಬಳಸುವ ಹಸಿರು ಪರದೆ ಬೇಕಾ ಅಂತ ಕೇಳಿದ್ದೀರಿ. ಆ್ಯಪು, ಪರದೆ ಎಲ್ಲ ಆಮೇಲೆ. ನಡುವೆ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಲ್ಲ, "ನಿಜವಾದರೆ ಮಾರ್ಕ್ಸ್" ಅಂತ, ನನ್ನನ್ನು ಮುಳುಗಿಸಿದ್ದು ಅದೇ ನಿಯಮ.

ನಾನೂ ವಿಜ್ಞಾನ ಪಾಠ ಮಾಡುವವನು. ನನ್ನ ನಿಯಮ ಬಹಳ ಸರಳವಾಗಿತ್ತು. ಪ್ರತಿ ಗುಂಪು ಇವತ್ತು ಮಧ್ಯಾಹ್ನ ನಾಳೆಯ ಮುನ್ಸೂಚನೆ ಹೇಳಬೇಕು. ಮರುದಿನ ಮಳೆಮಾಪಕ ನೋಡುತ್ತೇವೆ. ಹೇಳಿದ ಹಾಗೆ ಆಗಿದ್ದರೆ ಪೂರ್ತಿ ಮಾರ್ಕ್ಸ್, ಇಲ್ಲದಿದ್ದರೆ ಸೊನ್ನೆ. ಆಕಾಶವೇ ಪರೀಕ್ಷಕ, ಮೇಷ್ಟ್ರು ಪಕ್ಷಪಾತ ಮಾಡಿದರು ಅಂತ ಯಾರೂ ಹೇಳುವಂತಿಲ್ಲ. ಎಂಥಾ ಐಡಿಯಾ ಅಂತ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮಕ್ಕಳು ನನಗಿಂತ ಚುರುಕು. ಒಂದು ಗುಂಪು ದಿನಾ ಒಂದೇ ರಾಗ: "ಭಾಗಶಃ ಮೋಡ ಕವಿದ ವಾತಾವರಣ, ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ." ಇದು ಸುಳ್ಳಾಗುವುದಾದರೂ ಹೇಗೆ? ಇನ್ನೊಂದು ಗುಂಪು "ಮಳೆ ಇಲ್ಲ" ಅಂತ ಹೇಳಿ ಕೂತುಬಿಡುತ್ತಿತ್ತು. ಅದು ಒಣಹವೆಯ ಕಾಲ, ಹಾಗಾಗಿ ಹೆಚ್ಚುಕಡಿಮೆ ದಿನಾ ಪೂರ್ತಿ ಮಾರ್ಕ್ಸ್. ಮೂರನೆಯವರು ಫೋನ್ ನೋಡಿ ಬರೆದುಕೊಂಡು ಬರುತ್ತಿದ್ದರು.

ಒಬ್ಬ ಹುಡುಗಿ ಮಾತ್ರ ನಿಜವಾಗಿ ಕೆಲಸ ಮಾಡುತ್ತಿದ್ದಳು. ಗೀಟಿನ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಕಾಲಂ. ಬೆಳಗಿನ ಪ್ರಾರ್ಥನೆ ಮುಗಿದ ತಕ್ಷಣ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ನೋಡಿ ಬರೆದ ಅಂಕಿ, ಅದರ ಕೆಳಗೆ ಗಾಳಿ ಬರುವ ದಿಕ್ಕಿಗೊಂದು ಬಾಣ, ಅದರ ಕೆಳಗೆ ಮೋಡದ ಚಿತ್ರ. ಮೊದಲ ದಿನ ಗರಿಯಂಥ ತೆಳು ಗೆರೆಗಳು. ಮರುದಿನ ಹಾಲಿನಂಥ ಪರದೆ. ಆಮೇಲೆ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದ ದಟ್ಟ ಬೂದು. ಒತ್ತಡ ದಿನದಿಂದ ದಿನಕ್ಕೆ ಇಳಿದಿತ್ತು, ಬಾಣ ತಿರುಗಿತ್ತು. "ನಾಳೆ ಮಳೆ ಬರುತ್ತದೆ" ಅಂದಳು. ಕ್ಲಾಸೆಲ್ಲ ನಕ್ಕಿತು.

ಮರುದಿನ ಸಂಜೆ ದೂರದಲ್ಲಿ ಮಿಂಚಿತು, ಗುಡುಗಿತು. ನಮ್ಮ ಮಳೆಮಾಪಕಕ್ಕೆ ಒಂದು ಹನಿ ಬೀಳಲಿಲ್ಲ. ನಿಯಮ ನಿಯಮವೇ ಅಲ್ವಾ, ಸೊನ್ನೆ ಹಾಕಿದೆ. "ಮಳೆ ಇಲ್ಲ" ಗುಂಪಿಗೆ ಪೂರ್ತಿ ಮಾರ್ಕ್ಸ್. ಮುಂದಿನ ವಾರ ಆ ಹುಡುಗಿಯೂ ಫೋನ್ ನೋಡಿ ಬರೆದುಕೊಂಡು ಬಂದಳು. ನೋಟ್‌ಬುಕ್ ಎಲ್ಲಿ ಅಂದರೆ, "ಅದರಿಂದ ಮಾರ್ಕ್ಸ್ ಬರಲ್ಲ ಸರ್."

ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲಿಗೇ ಹೊರಟಿದ್ದೀರಿ. ಮುನ್ಸೂಚನೆ ಅಂದರೆ ಗಣಿತದ ಉತ್ತರ ಅಲ್ಲ, ಒಮ್ಮೆ ಸರಿ ಒಮ್ಮೆ ತಪ್ಪು ಅಂತ ಗೀಟು ಹಾಕೋಕೆ. ಒಳ್ಳೆಯ ಮುನ್ಸೂಚನೆಯೂ ಒಂದೊಂದು ದಿನ ಸುಳ್ಳಾಗುತ್ತದೆ, ಕಣ್ಣು ಮುಚ್ಚಿ ಹೇಳಿದ್ದೂ ಒಂದೊಂದು ದಿನ ನಿಜವಾಗುತ್ತದೆ. ಒಂದು ದಿನ ನೋಡಿ ಮಾರ್ಕ್ಸ್ ಕೊಟ್ಟರೆ ನೀವು ಅಳೆಯುವುದು ಅದೃಷ್ಟವನ್ನು. ಇನ್ನೂ ಕೆಟ್ಟದ್ದು ಏನೆಂದರೆ, ಮಳೆ ಅಪರೂಪವಾದ ಕಾಲದಲ್ಲಿ "ಇಲ್ಲ" ಅನ್ನುವವನೇ ಸದಾ ಗೆಲ್ಲುತ್ತಾನೆ. ಧೈರ್ಯ ಮಾಡಿ "ಇದೆ" ಅಂದವನಿಗೆ ಪೆಟ್ಟು. ಅಂದರೆ ಬಾಯಿ ಮುಚ್ಚಿಕೊಂಡಿರೋದನ್ನು ನಾನೇ ಕಲಿಸಿದೆ.

ದೊಡ್ಡವರೂ ಈ ಗುಂಡಿಗೆ ಬಿದ್ದಿದ್ದಾರೆ ಅಂತ ಆಮೇಲೆ ಓದಿದಾಗ ಸ್ವಲ್ಪ ಸಮಾಧಾನವಾಯಿತು. 1884ರಲ್ಲಿ ಅಮೆರಿಕದ ಸೇನೆಯ ಹವಾಮಾನ ವಿಭಾಗದ ಜಾನ್ ಫಿನ್ಲೆ ಅನ್ನುವವರು ಸುಂಟರಗಾಳಿಯ ಮುನ್ಸೂಚನೆ ಕೊಟ್ಟು, ಶೇ. 96.6 ಸರಿ ಅಂತ ಪ್ರಕಟಿಸಿದರು. 2,803 ಮುನ್ಸೂಚನೆಗಳಲ್ಲಿ 100 ಸಲ "ಸುಂಟರಗಾಳಿ ಬರುತ್ತದೆ" ಅಂದಿದ್ದರು. ಬಂದದ್ದು 28 ಸಲ. "ಇಲ್ಲ" ಅಂದಿದ್ದರಲ್ಲಿ 23 ಸಲ ಬಂದೇಬಿಟ್ಟಿತು. ಟೀಕಾಕಾರರು ಲೆಕ್ಕ ಹಾಕಿ ತೋರಿಸಿದರು: ದಿನಾ "ಇಲ್ಲ" ಅಂತ ಹೇಳಿಕೊಂಡು ಕೂತಿದ್ದರೂ ಶೇ. 98.2 ಸರಿಯಾಗುತ್ತಿತ್ತು! ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಅಂಕಿ ನೋಡಿ ಮೊದಲು ನಗುತ್ತಾರೆ, ಆಮೇಲೆ "ಹಾಗಾದರೆ ಯಾರು ಜಾಣರು ಸರ್?" ಅಂತ ಜಗಳಕ್ಕೆ ಬೀಳುತ್ತಾರೆ. ಪಾಠ ಶುರುವಾಗೋದೇ ಅಲ್ಲಿ.

ಈಗ ನಾನು "ಬರುತ್ತದೆ", "ಬರಲ್ಲ" ಅಂತ ಹೇಳಲು ಬಿಡುವುದಿಲ್ಲ. "ಬರಬಹುದು" ಅಂತೂ ಬೇಡವೇ ಬೇಡ. ಹತ್ತಕ್ಕೆ ಎಷ್ಟು ಅಂತ ಹೇಳಬೇಕು. ಮಳೆಗೆ ಹತ್ತಕ್ಕೆ ಏಳು ಅಂದರೆ, ಇಂಥ ಹವೆ ಇರುವ ಹತ್ತು ದಿನಗಳಲ್ಲಿ ಏಳು ದಿನ ಮಳೆ ಬರುತ್ತದೆ ಅಂತ. ಊರಿನ ಹತ್ತರಲ್ಲಿ ಏಳು ಪಾಲಿಗೆ ಮಳೆ ಅಂತಲ್ಲ, ಅಷ್ಟು ಹೊತ್ತು ಸುರಿಯುತ್ತದೆ ಅಂತಲೂ ಅಲ್ಲ. ಇದನ್ನು ದೊಡ್ಡವರೇ ತಪ್ಪು ತಿಳಿದಿರುತ್ತಾರೆ, ಇಲ್ಲಿ ಅವಸರ ಮಾಡಬೇಡಿ.

ಹೇಳಿದ ಅಂಕಿ ತಪ್ಪಿದಷ್ಟೂ ದಂಡ. ಅದರ ಲೆಕ್ಕ ಹೀಗೆ. ಮಳೆ ಬಂದರೆ ಸರಿಯುತ್ತರ 10, ಬರದಿದ್ದರೆ 0. ನೀವು ಹೇಳಿದ ಅಂಕಿ ಅದರಿಂದ ಎಷ್ಟು ದೂರ ಇದೆಯೋ ಅದರ ವರ್ಗ ನಿಮ್ಮ ದಂಡ. ಏಳು ಅಂದಿರಿ, ಮಳೆ ಬಂತು: 9. ಬರಲಿಲ್ಲ: 49. ಹತ್ತಕ್ಕೆ ಹತ್ತು ಅಂದು ಬರದಿದ್ದರೆ ಪೂರಾ 100. ದಿನಾ ಐದು ಅಂತ ಜಾರಿಕೊಳ್ಳುವವರಿಗೆ ದಿನಾ 25. ದಂಡ ಕಡಿಮೆ ಇದ್ದವರು ಮುಂದೆ. ಇದು ನನ್ನ ಕಂಡುಹಿಡಿತ ಅಲ್ಲ, ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರಯರ್ 1950ರಲ್ಲಿ ಪ್ರಕಟಿಸಿದ್ದು. ನಾನು ದಶಮಾಂಶ ತೆಗೆದು ಏಳನೇ ತರಗತಿಗೆ ಇಳಿಸಿದ್ದೇನೆ ಅಷ್ಟೆ.

ಇದರ ಸೊಗಸು ನೋಡಿ. ನಿಜಕ್ಕೂ ಹತ್ತರಲ್ಲಿ ಏಳು ದಿನ ಮಳೆ ಬರುವ ಹವೆ ಇದೆ ಅಂದುಕೊಳ್ಳಿ. ಹತ್ತೂ ದಿನ ಏಳು ಅಂದವರ ದಂಡ 210. ಐದು ಅಂದವರದ್ದು 250. ಹತ್ತು ಅಂತ ಎದೆ ತಟ್ಟಿದವರದ್ದು 300. ಮನಸ್ಸಿಗೆ ಅನ್ನಿಸಿದ್ದನ್ನು ಹಾಗೇ ಹೇಳಿದವರಿಗೆ ಲಾಭ, ಜಾರಿಕೊಂಡವರಿಗೂ ಜಂಬ ಕೊಚ್ಚಿಕೊಂಡವರಿಗೂ ನಷ್ಟ. ಈ ದಂಡಕ್ಕೂ ಮಾರ್ಕ್ಸಿಗೂ ಸಂಬಂಧ ಇಡಬೇಡಿ, ಅದು ಗೋಡೆಯ ಮೇಲಿನ ಪಟ್ಟಿಯಲ್ಲಿ ಇರಲಿ. ಮಾರ್ಕ್ಸ್ ಕೊಡೋದು ನೋಟ್‌ಬುಕ್ಕಿಗೆ, ಮತ್ತೆ "ಯಾಕೆ ಏಳು?" ಅಂದಾಗ ಬರುವ ಉತ್ತರಕ್ಕೆ.

ಕ್ಲಾಸಿನಲ್ಲಿ ಇಲ್ಲದ ಗುಂಪೊಂದನ್ನೂ ಪಟ್ಟಿಗೆ ಸೇರಿಸಿ, ಹೆಸರು "ಇವತ್ತಿನ ಹಾಗೇ". ಇವತ್ತು ಮಳೆ ಬಂದಿದ್ದರೆ ಅದು ನಾಳೆಗೂ 10 ಅನ್ನುತ್ತದೆ, ಬಂದಿಲ್ಲದಿದ್ದರೆ 0. ತಲೆ ಖರ್ಚೇ ಇಲ್ಲ. ಈ ಗುಂಪನ್ನು ಸೋಲಿಸೋದು ಮಕ್ಕಳು ಅಂದುಕೊಂಡಷ್ಟು ಸುಲಭ ಅಲ್ಲ. ಸೋತಾಗ ಅವರ ಮುಖ ನೋಡಬೇಕು ನೀವು.

ಅಳತೆಯ ಬಗ್ಗೆ ಒಂದೇ ಎಚ್ಚರಿಕೆ: ಬ್ಯಾರೋಮೀಟರನ್ನು ದಿನಾ ಒಂದೇ ಹೊತ್ತಿಗೆ ನೋಡಿಸಿ. ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ತಾನಾಗೇ ಏರಿ ಇಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಜಾಸ್ತಿ, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಉಷ್ಣವಲಯದ ಊರುಗಳಲ್ಲಿ ಈ ಏರಿಳಿತ ಕೆಲವು ಹೆಕ್ಟೋಪಾಸ್ಕಲ್‌ನಷ್ಟು (ಒತ್ತಡ ಅಳೆಯುವ ಮಾನ) ಇರುತ್ತದೆ. ಬೆಳಗ್ಗೆ ಹತ್ತಕ್ಕೊಮ್ಮೆ, ಶಾಲೆ ಬಿಡುವಾಗ ಇನ್ನೊಮ್ಮೆ ನೋಡಿದ ಮಕ್ಕಳು "ಸರ್, ಒತ್ತಡ ಬಿತ್ತು, ಮಳೆ ಗ್ಯಾರಂಟಿ" ಅಂತ ದಿನಾ ಓಡಿ ಬರುತ್ತಾರೆ. ಥರ್ಮಾಮೀಟರ್ ನೆರಳಲ್ಲಿ, ಗಾಳಿ ಆಡುವ ಕಡೆ ಇರಲಿ. ಉಳಿದದ್ದು ನಿಮಗೆ ಗೊತ್ತೇ ಇದೆ.

ಇನ್ನು ಹೇಳುವ ರೀತಿ. ಹಸಿರು ಪರದೆ ಬೇಡ. ಅದರ ಮುಂದೆ ನಿಂತವರಿಗೆ ಹಿಂದೆ ಏನೂ ಕಾಣಲ್ಲ, ಪಕ್ಕದ ಮಾನಿಟರ್ ನೋಡಿಕೊಂಡು ಕೈ ತೋರಿಸಬೇಕು. ಪಳಗಿದವರಿಗೇ ಅದು ಕಷ್ಟ. ಮಕ್ಕಳು ಪೂರ್ವ ಅಂತ ಪಶ್ಚಿಮ ತೋರಿಸಿ ಗಲಿಬಿಲಿಯಾಗುತ್ತಾರೆ, ಹವಾಮಾನ ಮರೆತೇ ಹೋಗುತ್ತದೆ. ಗೋಡೆಗೆ ಒಂದು ಕಾಗದದ ನಕ್ಷೆ ಅಂಟಿಸಿ ಸಾಕು. 1954ರ ಜನವರಿಯಲ್ಲಿ ಬಿಬಿಸಿ ಟಿವಿಯಲ್ಲಿ ಮೊದಲ ಸಲ ಮುಖ ತೋರಿಸಿ ಮುನ್ಸೂಚನೆ ಹೇಳಿದ ಜಾರ್ಜ್ ಕೌಲಿಂಗ್ ಕೂಡ ಕಾಗದದ ನಕ್ಷೆಯ ಮುಂದೆಯೇ ನಿಂತಿದ್ದರು. ನಾಳೆ ಗಾಳಿ ಜೋರಿರುತ್ತದೆ, ಬಟ್ಟೆ ಒಣಹಾಕಲು ಒಳ್ಳೆಯ ದಿನ ಅಂತ ಅವರು ಹೇಳಿದ್ದರಂತೆ. ಮಕ್ಕಳ ಮೊದಲ ವಾಕ್ಯವೂ ಹಾಗೇ ಇರಬೇಕು: ನಾಳೆ ಏನು, ಅದರಿಂದ ಕೇಳುವವರು ಏನು ಮಾಡಬೇಕು. ವಾಯುಭಾರ ಕುಸಿತ, ತೇವಾಂಶ ಎಲ್ಲ ಎರಡನೇ ವಾಕ್ಯದಿಂದ ಬರಲಿ. ಬರೆದದ್ದನ್ನು ಓದಲು ಬಿಡಬೇಡಿ. ಚೀಟಿಯಲ್ಲಿ ಅಂಕಿಗಳು ಮಾತ್ರ ಇರಲಿ. ಹೇಳಿ ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಬೇಕು, ಒಬ್ಬರಾದರೂ ನಿನ್ನೆಯ ಮುನ್ಸೂಚನೆ ಏನಾಯಿತು ಅಂತ ಕೇಳಲೇಬೇಕು.

ಯಾವ ಆ್ಯಪ್ ಅಂದಿರಲ್ಲ, ಯಾವುದಾದರೂ ನಡೆಯುತ್ತದೆ. ಆದರೆ ಮಕ್ಕಳು ತಮ್ಮ ಅಂಕಿಯನ್ನು ಬೋರ್ಡ್ ಮೇಲೆ ಬರೆದ ಮೇಲೆ ತೆರೆಯಿರಿ. ಆ್ಯಪ್‌ನ ಅಂಕಿಯನ್ನೂ ಪಟ್ಟಿಯಲ್ಲಿ ಒಂದು ಗುಂಪಾಗಿ ಬರೆದು, ಅದಕ್ಕೂ ದಂಡ ಹಾಕಿ. ಪಟ್ಟಿ ತಿಂಗಳಾದರೂ ಓಡಲಿ, ಒಂದು ವಾರಕ್ಕೆ ನಿಲ್ಲಿಸಿದರೆ ಮತ್ತೆ ಅದೃಷ್ಟದ ಆಟವೇ ಆಗುತ್ತದೆ.