ಎರಡು ಸಾವಿರ ದಂಡ ಕಟ್ಟಿದ್ರಾಯ್ತು ಅನ್ನೋರಿಗೆ

ಅಧಿವೇಶನದಲ್ಲಿ ಡ್ರಗ್ಸು, ಟ್ರಾಫಿಕ್ಕು, ಇನ್ಶೂರೆನ್ಸ್ ಇಲ್ಲದ ಗಾಡಿಗಳು ಅಂತ ಶಾಸಕರು ಮಾತಾಡಿದಾಗೆಲ್ಲ ನಂಗೆ ಅವೇ ಪ್ರಶ್ನೆ ಬರ್ತವೆ. ಅಪಘಾತ ಪರಿಹಾರದ ಕೇಸು ನಡೆಸೋ ವಕೀಲ ನಾನು, ಇವಕ್ಕೆ ಉತ್ತರ ಹೇಳಿ ಹೇಳಿ ತಾಳ್ಮೆ ಕಮ್ಮಿ ಆಗಿದೆ. ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಕಂಪನಿ ಪರಿಹಾರ ಕೊಡೋ ವಿಮೆ, ಅಷ್ಟು ತಿಳ್ಕೊಂಡ್ರೆ ಸಾಕು.

ಪ್ರಶ್ನೆ: ಹಳೇ ಬೈಕು, ಮನೆ ಅಂಗಡಿ ಬಿಟ್ರೆ ಎಲ್ಲೂ ಹೋಗಲ್ಲ. ಹಿಡಿದ್ರೆ 2,000 ದಂಡ ಅಷ್ಟೇ ತಾನೆ, ಇನ್ಶೂರೆನ್ಸ್ ಯಾಕೆ?

ಅಷ್ಟೇ ಅಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 196ರಲ್ಲಿ 2,000 ದಂಡ, ಇಲ್ಲಾ ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಇದೆ, ಎರಡನೇ ಸಲ ಸಿಕ್ಕಿದ್ರೆ 4,000. ಆದ್ರೆ ದಂಡ ಇಲ್ಲಿ ಚಿಲ್ಲರೆ ವಿಷಯ. ನಿಮ್ಮ ಅಂಗಡಿ ರಸ್ತೆಯಲ್ಲೇ 30 ವರ್ಷದ ಒಬ್ಬ ಗಾರೆ ಮೇಸ್ತ್ರಿ ನಿಮ್ಮ ಬೈಕಿಗೆ ಸಿಕ್ಕಿ ತೀರಿಕೊಂಡ ಅಂತಿಟ್ಕೊಳ್ಳಿ. ತಿಂಗಳಿಗೆ 20,000 ದುಡೀತಿದ್ದ, ಹೆಂಡತಿ, ಎರಡು ಮಕ್ಕಳು, ತಾಯಿ ಅವನನ್ನೇ ನಂಬಿದ್ರು. ಸುಪ್ರೀಂ ಕೋರ್ಟ್ 2009 ಮತ್ತು 2017ರಲ್ಲಿ ಹಾಕಿಕೊಟ್ಟ ಲೆಕ್ಕದ ಪ್ರಕಾರ ಮುಂದೆ ಬೆಳೀಬಹುದಾಗಿದ್ದ ಆದಾಯಕ್ಕೆ 40% ಸೇರಿಸಿ 28,000, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು 21,000, ವರ್ಷಕ್ಕೆ 2.52 ಲಕ್ಷ, ಅವನ ವಯಸ್ಸಿಗೆ ಅದನ್ನ 17ರಿಂದ ಗುಣಿಸಬೇಕು, ಅಲ್ಲಿಗೆ 42.84 ಲಕ್ಷ, ಅದರ ಮೇಲೆ ಬಡ್ಡಿ ಬೇರೆ. ಪಾಲಿಸಿ ಇದ್ರೆ ಕಂಪನಿ ಕೊಡುತ್ತೆ, ಸಾವು ನೋವಿನ ಪರಿಹಾರಕ್ಕೆ ಮಿತಿಯೇ ಇಲ್ಲ. ಇಲ್ದಿದ್ರೆ ನೀವೇ ಕೊಡಬೇಕು. ಕೊಡದಿದ್ರೆ ಕಲಂ 174ರಲ್ಲಿ ಜಿಲ್ಲಾಧಿಕಾರಿ ಅದನ್ನ ಭೂಕಂದಾಯದ ಬಾಕಿ ಥರ ವಸೂಲಿ ಮಾಡಬಹುದು, ಅಂದ್ರೆ ನಿಮ್ಮ ಜಮೀನು, ಸೈಟಿನ ಮೇಲೆ ಕಣ್ಣು ಬೀಳುತ್ತೆ. 75 ಸಿಸಿ ಮೇಲಿನ, 150 ಸಿಸಿವರೆಗಿನ ಬೈಕಿಗೆ 2022ರಲ್ಲಿ ನಿಗದಿ ಆದ ಥರ್ಡ್ ಪಾರ್ಟಿ ದರ ವರ್ಷಕ್ಕೆ 714 ರೂಪಾಯಿ ಪ್ಲಸ್ ಜಿಎಸ್‌ಟಿ.

ನಿಮ್ಮ ಹತ್ರ ಜಮೀನೂ ಇಲ್ಲ, ಸೈಟೂ ಇಲ್ಲ ಅಂದ್ರೆ ಇನ್ನೂ ಘೋರ. ಆ ಮೇಸ್ತ್ರಿಯ ಹೆಂಡತಿ ಕೈಲಿ ಕೋರ್ಟಿನ ಆದೇಶ ಇರುತ್ತೆ, ದುಡ್ಡು ಇರಲ್ಲ. ನಿಮ್ಮ ಬೈಕನ್ನೇ ಹರಾಜು ಹಾಕಿದ್ರೂ ಎಷ್ಟು ಬರುತ್ತೆ ಹೇಳಿ. ಇಂಥವರು ಆದೇಶದ ಕಾಪಿ ಹಿಡ್ಕೊಂಡು ವರ್ಷಗಟ್ಟಲೆ ಅಲೆಯೋದು ನೋಡೇ ನಂಗೆ ನಿಮ್ಮ ಪ್ರಶ್ನೆ ಅಂದ್ರೆ ಸಿಟ್ಟು ಬರೋದು.

ಇನ್ನೊಂದು, 2018ರ ಸೆಪ್ಟೆಂಬರ್ ಆದ್ಮೇಲೆ ಬೈಕ್ ತಗೊಂಡೋರಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಬಂದಿತ್ತು, ಅದು ಮುಗಿದಿರೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇವತ್ತೇ ಎಂಪರಿವಾಹನ್ ಆ್ಯಪಲ್ಲಿ ನೋಡ್ಕೊಳ್ಳಿ. ರಸ್ತೆ ಬದೀಲಿ ಅರ್ಧ ರೇಟಿಗೆ ಪಾಲಿಸಿ ಪ್ರಿಂಟ್ ಹಾಕಿ ಕೊಡೋರ ಕಾಗದ ಯಾವ ಕೋರ್ಟಲ್ಲೂ ನಿಲ್ಲಲ್ಲ. ಮತ್ತೆ ಬರೀ ಥರ್ಡ್ ಪಾರ್ಟಿ ಪಾಲಿಸೀಲಿ ಬೈಕಿನ ಹಿಂದೆ ಕೂತೋರಿಗೆ ಕವರ್ ಇಲ್ಲ, ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋರು ಪ್ಯಾಕೇಜ್ ಪಾಲಿಸಿನೇ (ಥರ್ಡ್ ಪಾರ್ಟಿ ಜೊತೆ ನಿಮ್ಮ ಗಾಡಿಗೂ ಕವರ್ ಇರೋದು) ತಗೊಳ್ಳಿ.

ಶಾಸಕರಿಗೂ ಒಂದು ಮಾತು. ದೇಶದ ಅರ್ಧಕ್ಕಿಂತ ಹೆಚ್ಚು ಗಾಡಿಗಳಿಗೆ ವಿಮೆ ಇಲ್ಲ ಅಂತ ಸಂಸತ್ತಿನ ಹಣಕಾಸು ಸಮಿತಿಯೇ 2024ರಲ್ಲಿ ಹೇಳಿದೆ. ನಮ್ಮಲ್ಲಿ 2023ರ ಫೆಬ್ರವರೀಲಿ ಬಾಕಿ ಟ್ರಾಫಿಕ್ ದಂಡಕ್ಕೆ 50% ರಿಯಾಯಿತಿ ಕೊಟ್ರು. ಕಾದ್ರೆ ಕಮ್ಮಿ ಆಗುತ್ತೆ ಅಂತ ಜನಕ್ಕೆ ಕಲಿಸಿದ ಹಾಗಾಯ್ತು, ನಂಗಂತೂ ಅದು ಸ್ವಲ್ಪನೂ ಹಿಡಿಸಲಿಲ್ಲ.

ಪ್ರಶ್ನೆ: ಗಾಂಜಾ ಸೇದಿದ್ರೆ ಊದಿಸೋ ಮೆಷೀನಲ್ಲಿ ಬರಲ್ಲ ಅಂತಾರೆ, ನಿಜಾನಾ?

ಮೆಷೀನಲ್ಲಿ ಬರದಿದ್ರೆ ರಕ್ತದಲ್ಲಿ ಬರುತ್ತೆ. ಕಲಂ 185 ಕುಡಿದೋರಿಗೆ ಮಾತ್ರ ಅಲ್ಲ, ಡ್ರಗ್ಸ್ ತಗೊಂಡು ಗಾಡಿ ಹತೋಟಿ ತಪ್ಪಿದೋರಿಗೂ ಇದೆ, ಮೊದಲ ಸಲಕ್ಕೇ 10,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಆ ಸ್ಥಿತೀಲಿ ಅಪಘಾತ ಮಾಡಿದ್ರೆ, ವಿಮಾ ಕಂಪನಿ ಸತ್ತೋರ ಮನೆಯವರಿಗೆ ಪರಿಹಾರ ಕೊಟ್ರೂ ಆ ದುಡ್ಡನ್ನ ನಿಮ್ಮಿಂದ ವಸೂಲಿ ಮಾಡೋಕೆ ಬರುತ್ತೆ. ಚಟ ಬಿಡಬೇಕು ಅಂತ ಮನಸಿದ್ರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಮೂರು ದಿನಕ್ಕೆ ಬಿಡಿಸ್ತೀವಿ ಅಂತ ಪುಡಿ ಮಾರೋರ ಹತ್ರ ಮಾತ್ರ ಹೋಗಬೇಡಿ, ದಯವಿಟ್ಟು.

ಪ್ರಶ್ನೆ: ಗಾಡಿ ಮಾರಿ ವರ್ಷ ಆಯ್ತು, ಆರ್‌ಸಿ ನನ್ನ ಹೆಸರಲ್ಲೇ ಇದೆ. ನಂಗೇನು ತೊಂದರೆ?

ಆರ್‌ಸೀಲಿ ಹೆಸರಿರೋನೇ ಮಾಲೀಕ, ಹೊಣೆ ಅವಂದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಾಳೆನೇ ಆರ್‌ಟಿಓಗೆ ಹೋಗಿ.

ಪ್ರಶ್ನೆ: ಗುದ್ದಿದ ಗಾಡಿಗೆ ವಿಮೆ ಇಲ್ಲ, ವಿಮೆ ಇರೋ ಬೇರೆ ಗಾಡಿ ತೋರಿಸಿ ಕ್ಲೇಮ್ ಮಾಡಿಸ್ತೀನಿ ಅಂತ ಒಬ್ರು ಏಜೆಂಟ್ ಹೇಳ್ತಿದಾರೆ.

ಅದು ವಂಚನೆ. ಸಿಕ್ಕಿಬಿದ್ರೆ ನಿಜವಾದ ಪರಿಹಾರನೂ ಹೋಗುತ್ತೆ, ಮೇಲಿಂದ ಕ್ರಿಮಿನಲ್ ಕೇಸು. ಗುದ್ದಿದ ಗಾಡಿ ಸಿಗಲೇ ಇಲ್ಲ ಅಂದ್ರೆ ಹಿಟ್ ಅಂಡ್ ರನ್ ಯೋಜನೇಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ, ತಹಶೀಲ್ದಾರ್ ಅಥವಾ ಎಸಿ (ಉಪವಿಭಾಗಾಧಿಕಾರಿ) ಕಚೇರೀಲಿ ಕೇಳಿ.

ಪ್ರಶ್ನೆ: ಮಗನಿಗೆ 16, ಬರೀ ಟ್ಯೂಷನ್‌ಗೆ ಮಾತ್ರ ಸ್ಕೂಟರ್ ಕೊಡಬಹುದಾ?

ಬೇಡ. ಕೊಟ್ಟ ನಿಮಗೇ 25,000 ದಂಡ, ಮೂರು ವರ್ಷದವರೆಗೆ ಜೈಲು.