ರಿಮ್ ಸೈಜ್ ಒಂದೇ, ಆದರೂ ಚಕ್ರ ಹೊರಗೆ ಬರುತ್ತದೆ ಯಾಕೆ?

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್‌ನಲ್ಲಿ ಕಂಪನಿಯ 15 ಇಂಚಿನ ಅಲಾಯ್ ಇದೆ. ಹಿಂಬದಿಯಲ್ಲಿ 6ಜೆ, ಇಟಿ45 ಎಂದು ಅಚ್ಚಾಗಿದೆ. ಈಗ ಬೇರೊಂದು ಸೆಟ್ ಇಷ್ಟವಾಗಿದೆ. ಅದೂ 15 ಇಂಚೇ, ಬೋಲ್ಟ್ ತೂತುಗಳೂ ಸರಿಹೊಂದುತ್ತವೆ. ಆದರೆ ಅದು 7ಜೆ, ಇಟಿ35. ‘ಸೈಜ್ ಒಂದೇ ಸಾರ್, ಸುಮ್ನೆ ಹಾಕ್ಸಿ’ ಎನ್ನುತ್ತಾರೆ ಅಂಗಡಿಯವರು. ಹಾಕಿಸಬಹುದಾ?

ಉತ್ತರ: ನಾನಾಗಿದ್ದರೆ ಹಾಕಿಸುತ್ತಿರಲಿಲ್ಲ.

15 ಇಂಚು ಅನ್ನುವುದು ರಿಮ್‌ನ ವ್ಯಾಸ ಅಷ್ಟೇ. 6ಜೆ ಎಂದರೆ ರಿಮ್‌ನಲ್ಲಿ ಟೈರ್ ಕೂರುವ ಜಾಗದ ಅಗಲ 6 ಇಂಚು. ಚಕ್ರ ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದು ಇಟಿ, ಅಂದರೆ ಆಫ್‌ಸೆಟ್. ರಿಮ್‌ನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದುಕೊಳ್ಳಿ. ಹಬ್‌ಗೆ, ಅಂದರೆ ಕಾರಿನಲ್ಲಿ ಚಕ್ರವನ್ನು ಬೋಲ್ಟ್ ಮಾಡುವ ಭಾಗಕ್ಕೆ, ತಾಗಿ ಕೂರುವ ರಿಮ್‌ನ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆಯೋ ಅದೇ ಇಟಿ. ನಿಮ್ಮದರಲ್ಲಿ ಆ ಮುಖ ರಸ್ತೆಯ ಕಡೆಗೆ 45 ಮಿಮೀ ಸರಿದಿದೆ, ಹಾಗಾಗಿ ಚಕ್ರ ಕಾರಿನ ಒಳಗೆ ಕೂರುತ್ತದೆ. ಈ ಸಂಖ್ಯೆ ಇಳಿದಂತೆ ಚಕ್ರ ಹೊರಗೆ ಬರುತ್ತದೆ. ಜೀಪಿಗೆ ಹಾಕಿಸುವ ಬಟ್ಟಲಿನಂಥ ರಿಮ್ ನೋಡಿದ್ದೀರಲ್ವಾ? ಅಲ್ಲಿ ಇಟಿ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೇ ಇರುತ್ತದೆ.

ಅಂಗಡಿಯವರು ಬಿಟ್ಟ ಲೆಕ್ಕ ಇಲ್ಲಿದೆ. 6ಜೆಯಿಂದ 7ಜೆಗೆ ಹೋದರೆ ಅಗಲ ಒಂದು ಇಂಚು, ಅಂದರೆ 25.4 ಮಿಮೀ ಜಾಸ್ತಿ. ಒಂದೊಂದು ಬದಿಗೆ 12.7. ಜತೆಗೆ ಇಟಿ 10 ಕಡಿಮೆಯಾಗಿ ಇಡೀ ಚಕ್ರವೇ 10 ಮಿಮೀ ಹೊರಗೆ ಜರುಗುತ್ತದೆ. ಹೊರ ಅಂಚು 22.7 ಮಿಮೀ ಆಚೆ, ಒಳ ಅಂಚು 2.7 ಮಿಮೀ ಸಸ್ಪೆನ್ಷನ್ ಕಡೆಗೆ. ಒಳಗಿನದು ಬಿಡಿ, ಚಿಂತೆ ಹೊರಗಿನ ಎರಡೂಕಾಲು ಸೆಂಟಿಮೀಟರ್‌ದೇ. ಖಾಲಿ ಕಾರು ಅಂಗಡಿ ಮುಂದೆ ನಿಂತಾಗ ಚೆಂದವೇ ಕಾಣುತ್ತದೆ. ಹಿಂದೆ ಮೂವರು ಕೂತು ಹಂಪ್ ಹಾರಿದಾಗ ಟೈರ್ ಫೆಂಡರ್‌ಗೆ ಕರ್ ಎಂದು ಉಜ್ಜಬಹುದು. ಮಳೆಗಾಲದಲ್ಲಿ ಬಾಗಿಲ ತುಂಬ ಕೆಸರು ಬೇರೆ.

ಬೇರಿಂಗ್ ಕಷ್ಟ ಕಣ್ಣಿಗೆ ಕಾಣುವುದಿಲ್ಲ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಹೊತ್ತು ನಡೆಯಬಹುದು, ಅದನ್ನೇ ಕೈ ಚಾಚಿ ಹಿಡಿದರೆ ಭುಜ ಬೀಳುತ್ತದೆ. ಚಕ್ರ ಹೊರಗೆ ಹೋದಷ್ಟೂ ಹಬ್ ಬೇರಿಂಗ್ ಪಾಡು ಅದೇ. ಸ್ಟೀರಿಂಗ್ ಕೂಡ ಸ್ವಲ್ಪ ಬಿಗಿಯಾಗಬಹುದು. ಒಂದು ಚಕ್ರ ಮಣ್ಣಿಗಿಳಿದಾಗ ಬ್ರೇಕ್ ಹಾಕಿದರೆ ಒಂದು ಕಡೆ ಎಳೆದಂತಾಗಬಹುದು.

6.5ಜೆ, ಇಟಿ42 ಸಿಗುತ್ತದಾ ಕೇಳಿ. ಅದರಲ್ಲಿ ಹೊರಗೆ 9.35 ಮಿಮೀ, ಒಳಗೆ 3.35 ಮಿಮೀ ಅಷ್ಟೇ. ನಡುವಿನ ದೊಡ್ಡ ತೂತು ನಿಮ್ಮ ಹಬ್‌ಗೆ ಕೂರುತ್ತದಾ ಎಂದೂ ನೋಡಿ. ಅದು ದೊಡ್ಡದಿದ್ದರೆ ಸರಿಯಾದ ಅಳತೆಯ ರಿಂಗ್ ಹಾಕಿಸಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ಕೆಲವು ರಿಮ್‌ಗಳಲ್ಲಿ ಇಟಿ ಬರೆದಿರುವುದೇ ಇಲ್ಲ. ಆಗ ಟೈರ್ ಇಲ್ಲದ ರಿಮ್ ಅನ್ನು ಗೋಣಿಚೀಲದ ಮೇಲೆ ಬೋರಲು ಹಾಕಿ. ಹಿಂಬದಿಯ ಅಂಚಿಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಹಬ್ ತಾಗುವ ಮುಖದವರೆಗೆ ಆಳ ಅಳೆಯಿರಿ. ಅದರಿಂದ ರಿಮ್‌ನ ಪೂರ್ತಿ ಅಗಲದ ಅರ್ಧವನ್ನು ಕಳೆಯಿರಿ. ಪೂರ್ತಿ ಅಗಲ ಎಂದರೆ ಅಂಚಿನಿಂದ ಅಂಚಿಗೆ. 7ಜೆ ರಿಮ್‌ನಲ್ಲಿ ಅದು ಸುಮಾರು 8 ಇಂಚು, 203 ಮಿಮೀ. ಆಳ 136 ಬಂದರೆ ಇಟಿ ಹೆಚ್ಚುಕಡಿಮೆ 35.

‘ಸ್ಪೇಸರ್ ಹಾಕಿದ್ರೆ ಆಯ್ತು’ ಅಂತಲೂ ಅಂಗಡಿಯವರು ಹೇಳಬಹುದು. ಸ್ಪೇಸರ್ ಎಂದರೆ ಹಬ್ ಮತ್ತು ರಿಮ್ ನಡುವೆ ಇಡುವ ಬಿಲ್ಲೆ. 15 ಮಿಮೀ ಸ್ಪೇಸರ್ ಅಂದರೆ ಇಟಿ ಇನ್ನೂ 15 ಇಳಿದಂತೆ. ನಿಮಗೆ ಬೇಕಿರುವುದು ಅದರ ಉಲ್ಟಾ.