ಕೊಂದದ್ದು ನಾನಲ್ಲ, ನನ್ನೊಳಗಿನ ಇನ್ನೊಬ್ಬ!

ಹೊಸ ಥ್ರಿಲ್ಲರ್ ಒಂದು ಬಂದರೆ ಸಾಕು, ಮೊದಲ ಪ್ರಶ್ನೆ ನನಗೆ ಮತ್ತೆ ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕ ಬ್ಯಾಂಕ್ ಗುಮಾಸ್ತ, ಬಲು ಸಾಧು. ಅವನಿಗೆ ಮಲ್ಟಿಪಲ್ ಪರ್ಸನಾಲಿಟಿ. ಒಳಗಿನ ಇನ್ನೊಬ್ಬ ಮೂರು ಕೊಲೆ ಮಾಡುತ್ತಾನೆ. ಗುಮಾಸ್ತನಿಗೆ ಏನೂ ನೆನಪಿಲ್ಲ. ಕೊನೆಗೆ ಡಾಕ್ಟರ್ ಸಾಕ್ಷಿ ಹೇಳುತ್ತಾರೆ, ಜಡ್ಜ್ ಬಿಡುಗಡೆ ಮಾಡುತ್ತಾರೆ, ಅವನು ಮನೆಗೆ ಹೋಗುತ್ತಾನೆ. ಹೀಗಾಗಬಹುದು ತಾನೇ ಸರ್?

ಉತ್ತರ: ಆಗುವುದಿಲ್ಲ. ನಿಮ್ಮ ನಾಯಕನನ್ನು ಸಿಕ್ಕಿಸಿ ಹಾಕಿದವರು ಪೊಲೀಸರಲ್ಲ, ನೀವೇ.

ಇಂಥ ಕಥೆಗಳಲ್ಲಿ ಆ 'ಇನ್ನೊಬ್ಬ' ಯಾವಾಗಲೂ ಮಹಾ ಬುದ್ಧಿವಂತ. ಗ್ಲೌಸ್ ಹಾಕುತ್ತಾನೆ. ಸಿಸಿಟಿವಿ ಇಲ್ಲದ ಗಲ್ಲಿ ಹುಡುಕುತ್ತಾನೆ. ಚಾಕು ತೊಳೆದು ಕೆರೆಗೆ ಎಸೆಯುತ್ತಾನೆ. ಸಿಕ್ಕಿಬೀಳಬಾರದು ಅಂತ ಇಷ್ಟೆಲ್ಲ ಮಾಡುವವನಿಗೆ ತಾನು ಮಾಡಿದ್ದು ತಪ್ಪು ಅಂತ ಚೆನ್ನಾಗಿಯೇ ಗೊತ್ತು, ಅಲ್ವಾ? ಕಾನೂನು ನೋಡುವುದು ಅದನ್ನೇ. ಹಿಂದೆ ಐಪಿಸಿ 84ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ಮನಸ್ಸಿನ ಸ್ಥಿಮಿತ ತಪ್ಪಿ, ಆ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ ಎಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ತಿಳಿಯುವ ಶಕ್ತಿಯೇ ಇರದಿದ್ದರೆ ಮಾತ್ರ ವಿನಾಯಿತಿ. ಕಾಯಿಲೆಯ ಸರ್ಟಿಫಿಕೇಟ್ ಒಂದೇ ಸಾಲದು. ತೋರಿಸಿಕೊಡುವ ಹೊಣೆಯೂ ಆರೋಪಿಯದೇ. 'ನೆನಪಿಲ್ಲ' ಅನ್ನುವುದು ಈಗಿನ ಮಾತು. ಕೋರ್ಟ್ ಕೇಳುವುದು ಆಗಿನ ಸ್ಥಿತಿಯನ್ನು.

ಗುಮಾಸ್ತನಿಗೆ ಗೊತ್ತೇ ಇರಲಿಲ್ಲವಲ್ಲ ಅಂತೀರಿ. ಈ ವಿಷಯದಲ್ಲಿ ಅಮೆರಿಕದ ಕೋರ್ಟ್‌ಗಳು ಸಾಕಷ್ಟು ತಲೆ ಕೆಡಿಸಿಕೊಂಡಿವೆ. ಓಹಿಯೋದಲ್ಲಿ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಮಹಿಳೆಯೊಬ್ಬರು, ಓಡಿಸಿದ್ದು ನನ್ನ ಇನ್ನೊಂದು ವ್ಯಕ್ತಿತ್ವ ಅಂದರು. ಕಾರಿನಲ್ಲಿ ಇದ್ದದ್ದು ಒಬ್ಬರೇ ಡ್ರೈವರ್ ಅಂತ ಮೇಲ್ಮನವಿ ಕೋರ್ಟ್ 1982ರಲ್ಲಿ ವಾದವನ್ನು ತಳ್ಳಿಹಾಕಿತು. ನನಗೂ ಅದೇ ಸರಿ ಅನ್ನಿಸುತ್ತದೆ. ಅದೇ ಓಹಿಯೋದಲ್ಲಿ ಬಿಲ್ಲಿ ಮಿಲಿಗನ್ ಎಂಬ ಅತ್ಯಾಚಾರ ಆರೋಪಿ 1978ರಲ್ಲಿ ಈ ಕಾಯಿಲೆಯ ಕಾರಣಕ್ಕೆ ಖುಲಾಸೆಯಾದದ್ದು ನಿಜ. ಎಲ್ಲರೂ ಅವನ ಹೆಸರು ಹೇಳುತ್ತಾರೆ. ಆಮೇಲೆ ಸುಮಾರು ಹತ್ತು ವರ್ಷ ಮಾನಸಿಕ ಆಸ್ಪತ್ರೆಗಳಲ್ಲೇ ಇದ್ದ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲೂ ಹೀಗೆ ಖುಲಾಸೆಯಾದವನನ್ನು ಸುಮ್ನೆ ಮನೆಗೆ ಬಿಡುವುದಿಲ್ಲ. ಸುರಕ್ಷಿತ ಕಸ್ಟಡಿಯಲ್ಲಿ ಇಡಬೇಕು, ಇಲ್ಲವೇ ಭದ್ರತೆ ಬರೆಸಿಕೊಂಡು ಸಂಬಂಧಿಕರಿಗೆ ಒಪ್ಪಿಸಬೇಕು.

ಅದಕ್ಕಿಂತ ಒಳ್ಳೆಯ ಕಥೆ ಕೆನ್ನೆತ್ ಬಿಯಾಂಕಿಯದು. ಲಾಸ್ ಏಂಜಲೀಸ್ ಸುತ್ತ ಹೆಣ್ಣುಮಕ್ಕಳನ್ನು ಕತ್ತು ಹಿಸುಕಿ ಕೊಂದವರಲ್ಲಿ ಒಬ್ಬ. 1979ರಲ್ಲಿ ಸಿಕ್ಕಿಬಿದ್ದ. ಹಿಪ್ನೋಸಿಸ್ ಮಾಡಿದಾಗ ಒಳಗಿಂದ 'ಸ್ಟೀವ್' ಬಂದು, ಕೊಂದವನು ನಾನೇ ಅಂದ. ಕೆಲವು ತಜ್ಞರು ನಂಬಿಯೂ ಬಿಟ್ಟರು. ಮಾರ್ಟಿನ್ ಓರ್ನ್ ಎಂಬ ಮನೋವೈದ್ಯರು ಮಾತ್ರ ಗಾಳ ಹಾಕಿದರು. ನಿಜವಾದ ಕಾಯಿಲೆಯಲ್ಲಿ ಎರಡೇ ವ್ಯಕ್ತಿತ್ವ ಇರುವುದು ಅಪರೂಪ ಅಂತ ಬಿಯಾಂಕಿಯ ಕಿವಿಗೆ ಬೀಳುವ ಹಾಗೆ ಅಂದರು. ಸ್ವಲ್ಪ ಹೊತ್ತಿಗೆ 'ಬಿಲ್ಲಿ' ಎಂಬ ಮೂರನೆಯವನು ಹಾಜರ್! ಹಿಪ್ನೋಸಿಸ್‌ನಲ್ಲಿ, ಖಾಲಿ ಕುರ್ಚಿ ತೋರಿಸಿ ನಿನ್ನ ವಕೀಲರು ಕೂತಿದ್ದಾರೆ ಅಂದರೆ, ಎದ್ದು ಹೋಗಿ ಇಲ್ಲದ ವಕೀಲರ ಕೈಯನ್ನೂ ಕುಲುಕಿದ. ಅತಿಯಾಯಿತು. ಸ್ಟೀವ್ ಎಂಬ ಹೆಸರೋ, ಬಿಯಾಂಕಿ ನಕಲಿ ಮನಶ್ಶಾಸ್ತ್ರಜ್ಞನಾಗಲು ಯಾರ ಅಂಕಪಟ್ಟಿ ಲಪಟಾಯಿಸಿದ್ದನೋ ಆ ಹುಡುಗನದೇ. ಕೊನೆಗೆ ತಪ್ಪೊಪ್ಪಿಕೊಂಡ.

ಬರೆಯುವುದಿದ್ದರೆ ಇಂಥ ಡಾಕ್ಟರನ್ನು ಬರೆಯಿರಿ. ನಂಬದ ಡಾಕ್ಟರ್, ದಿನಗಟ್ಟಲೆ ವಾರ್ಡ್‌ನಲ್ಲಿ ಇಟ್ಟು ನೋಡುವ ಡಾಕ್ಟರ್. ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ಆರೋಪಿ ಹೇಗಿರುತ್ತಾನೆ ಅಂತ ನಾವು ನರ್ಸ್‌ಗಳನ್ನೇ ಮೊದಲು ಕೇಳುವುದು.

ಪ್ರಶ್ನೆ: ಸ್ಕಿಜೋಫ್ರೇನಿಯಾ ಅಂದರೂ ಇದೇ ಅಲ್ವಾ?

ಉತ್ತರ: ಅಲ್ಲ. ದಯವಿಟ್ಟು ಇನ್ನು ಕೇಳಬೇಡಿ.

ಪ್ರಶ್ನೆ: ನಾರ್ಕೋ ಟೆಸ್ಟ್ ಮಾಡಿದರೆ ಒಳಗಿನವನು ಬಾಯಿ ಬಿಡುವುದಿಲ್ಲವೇ?

ಉತ್ತರ: ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಅಂತ 2010ರಲ್ಲೇ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಇನ್‌ಸ್ಪೆಕ್ಟರ್‌ಗೆ ತಿಳಿಸಿ.

ಪ್ರಶ್ನೆ: ಅಕ್ಕನ ಮಗಳು ಒಮ್ಮೊಮ್ಮೆ ಬೇರೆ ದನಿಯಲ್ಲಿ ಮಾತಾಡುತ್ತಾಳೆ, ಆಮೇಲೆ ನೆನಪಿರುವುದಿಲ್ಲ. ಒಬ್ಬರು ಹಿಪ್ನೋಸಿಸ್ ಮಾಡಿ 'ಒಳಗಿರುವವಳನ್ನು' ಹೊರಗೆ ಕರೆಯುತ್ತೇನೆ ಅಂತಿದ್ದಾರೆ. ಅವಳು ಯಾರಿಗಾದರೂ ಏನಾದರೂ ಮಾಡಿಬಿಟ್ಟರೆ ಅಂತ ಭಯ.

ಉತ್ತರ: ಆ ಮಹಾಶಯರ ಹತ್ತಿರ ಹೋಗಲೇಬೇಡಿ. ಕರೆದರೆ ಯಾರಾದರೂ ಬಂದೇ ಬರುತ್ತಾರೆ, ಬಿಯಾಂಕಿಯ ಬಿಲ್ಲಿ ಬಂದ ಹಾಗೆ. ನಿಮ್ಮ ಹುಡುಗಿ ನಾಟಕ ಮಾಡುತ್ತಿದ್ದಾಳೆ ಅಂತ ನಾನು ಹೇಳುತ್ತಿಲ್ಲ. ಮೊದಲು ಮೂರ್ಛೆ ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಮನೋವೈದ್ಯರು ಅವಳೊಬ್ಬಳ ಜೊತೆಯೇ ಕೂತು ಮಾತಾಡಬೇಕು. ಇಂಥ ಮಕ್ಕಳಲ್ಲಿ ಚಿಕ್ಕಂದಿನಲ್ಲಿ ಯಾರಿಂದಲೋ ತುಂಬಾ ನೋವು ತಿಂದವರು ಇರುತ್ತಾರೆ, ಮನೆಯವರ ಎದುರು ಅದು ಬಾಯಿಗೆ ಬರುವುದಿಲ್ಲ. ಅವಳು ಬೇರೆಯವರಿಗೆ ಏನೋ ಮಾಡುತ್ತಾಳೆ ಅನ್ನುವುದಕ್ಕಿಂತ ತನಗೇ ಏನಾದರೂ ಮಾಡಿಕೊಂಡಾಳು ಅನ್ನುವ ಚಿಂತೆ ನನಗೆ. ಆಸ್ಪತ್ರೆ ದೂರವಿದ್ದರೆ ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಾಗೆ ಆದಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿದ್ದರೆ ಡಾಕ್ಟರಿಗೆ ತೋರಿಸಿ. ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.